ಕಡಲ ಕೆಸರಿಗೊಂದು ಒರೆ

ಸಮುದ್ರದ ತಳದ ಕೆಸರನ್ನು ಕುರಿತು ಮಾತನಾಡಲು ಕಡೂರು, ತರೀಕೆರೆ, ಅಜ್ಜಂಪುರಗಳಿಗಿಂತ ಅನುಚಿತವಾದ ನೆಲೆ ಇನ್ನೊಂದಿಲ್ಲವೆಂದು ಕೇಳುಗರಿಗೆ ತೋರಬಹುದು. ತೆಂಗು, ರಾಗಿ, ಈರುಳ್ಳಿಗಳ ಈ ಸೀಮೆಗೆ ಮಳೆಯೇ ಅಪರೂಪದ ಅತಿಥಿ. ಕಡಲಿನ ಮಾತಂತೂ ದೂರ. ಆದರೆ ಕಡೂರಿನ ಬಯಲಿನಲ್ಲಿ ನಿಂತು ಪಡುವಣಕ್ಕೆ ಮುಖಮಾಡಿದರೆ ಕಾಣುವ ಬಾಬಾಬುಡನ್ ಗಿರಿಶ್ರೇಣಿಯ ನೆತ್ತಿಯ ಕಲ್ಲು ಒಂದು ಕಾಲದ ಸಮುದ್ರತಳದ ಕೆಸರು. ಕಬ್ಬಿಣದ ಕೆಂಪು ಪದರವೊಂದು, ಬೆಣಚಿನ ಬಿಳಿ ಪದರವೊಂದು, ಹೀಗೆ ಓಲೆಗರಿಯ ಕಟ್ಟಿನಂತೆ ಒಂದರ ಮೇಲೊಂದು ಕೂತ ಆ ಶಿಲೆಯನ್ನು ಭೂವಿಜ್ಞಾನಿಗಳು ಪಟ್ಟೆಗಬ್ಬಿಣದ ಶಿಲೆಯೆನ್ನುತ್ತಾರೆ. ಅದರ ನಡುವೆ ಸಿಕ್ಕಿದ ಜ್ವಾಲಾಮುಖಿಯ ಬೂದಿಯ ಹರಳುಗಳನ್ನು ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಅದರ ವಯಸ್ಸು ಸುಮಾರು 272 ಕೋಟಿ ವರ್ಷ. ಮುಳ್ಳಯ್ಯನಗಿರಿಯನ್ನು ಏರುವವನು, ತಾನರಿಯದೆಯೆ, ಬತ್ತಿಹೋದ ಕಡಲೊಂದರ ತಳವನ್ನು ತುಳಿಯುತ್ತಾನೆ.

ಇನ್ನು ನಮ್ಮ ಮಣ್ಣು ಮತ್ತೆ ಕಡಲನ್ನು ಸೇರುವ ಬಗೆಯೂ ಉಂಟು. ಇದೇ ಗಿರಿಯ ಮೂಡಣ ತಪ್ಪಲಿನಿಂದ ಇಳಿಯುವ ವೇದಾ ಮತ್ತು ಅವತಿ ಹೊಳೆಗಳು ಅಯ್ಯನಕೆರೆ, ಮದಗದ ಕೆರೆಗಳನ್ನು ತುಂಬಿ, ಕಡೂರಿನ ಸೀಮೆಯಲ್ಲಿ ಕೂಡಿ ವೇದಾವತಿಯಾಗುತ್ತವೆ. ಅದು ತುಂಗಭದ್ರೆಗೆ, ತುಂಗಭದ್ರೆ ಕೃಷ್ಣೆಗೆ, ಕೃಷ್ಣೆ ಬಂಗಾಳಕೊಲ್ಲಿಗೆ. ಭದ್ರೆ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಅಣೆಕಟ್ಟಿಗೆ ಸಿಕ್ಕಿ ತಂಗಿ, ಅದೇ ಹಾದಿ ಹಿಡಿಯುತ್ತಾಳೆ. ಈ ಕಾಲದಲ್ಲಿ ಹೂಳಿನ ದೊಡ್ಡ ಪಾಲು ನಡುದಾರಿಯ ಜಲಾಶಯಗಳಲ್ಲೇ ಕುಳಿತುಬಿಡುತ್ತದೆ. ಆದರೂ ಅಣೆಕಟ್ಟುಗಳಿಲ್ಲದ ಸಾವಿರಾರು ವರ್ಷ ನಮ್ಮ ಹೊಲಗಳ ಮಣ್ಣು ಮೂಡಣ ಕಡಲಿಗೆ ಹರಿದಿದೆ. ಆದ್ದರಿಂದ ಕಡಲ ಕೆಸರು ನಮಗೆ ಪರಕೀಯವಲ್ಲ.

ನಾನು ಕನ್ನಡ ಸಾಹಿತ್ಯವನ್ನು ಪಾಠ ಹೇಳಿ ನಿವೃತ್ತನಾದವನು. ರಸಾಯನಶಾಸ್ತ್ರ ನನ್ನ ವಿಷಯವಲ್ಲ. ಆದರೂ ಆ ಶಾಸ್ತ್ರದ ಚರಿತ್ರೆಯ ಒಂದು ಸಣ್ಣ ಅಧ್ಯಾಯ ಬಹಳ ದಿನಗಳಿಂದ ನನ್ನ ಮನಸ್ಸನ್ನು ಹಿಡಿದಿದೆ. ಕೆಸರಿನಲ್ಲಿ ಪಾದರಸ ಎಷ್ಟು, ಸೀಸ ಎಷ್ಟು ಎಂದು ಒಬ್ಬ ವಿಜ್ಞಾನಿ ಹೇಳಿದರೆ ಅದನ್ನು ನಾವು ಏಕೆ ನಂಬಬೇಕು? ಈ ಪ್ರಶ್ನೆಗೆ ಲೋಕ ಕಂಡುಕೊಂಡ ಉತ್ತರವೇ ಆ ಅಧ್ಯಾಯ.

ಉತ್ತರದ ಬೀಜ ನಮ್ಮ ಅಕ್ಕಸಾಲೆಯಲ್ಲಿಯೇ ಇದೆ. ಅಜ್ಜಂಪುರದ ಸುತ್ತ ಹಿಂದಿನವರು ಚಿನ್ನಕ್ಕಾಗಿ ನೆಲ ತೋಡಿದ ಹಳೆಯ ಕುಳಿಗಳನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಮೈಸೂರು ಸಂಸ್ಥಾನ 1894ರಲ್ಲಿ ಸ್ಥಾಪಿಸಿದ ಭೂವಿಜ್ಞಾನ ಇಲಾಖೆಯ ಮೊದಲ ಮುಖ್ಯಸ್ಥ ರಾಬರ್ಟ್ ಬ್ರೂಸ್ ಫೂಟ್. ಈ ನಾಡಿನ ಚಿನ್ನದ ನೆಲೆಗಳನ್ನು ಅವರು ಅದಕ್ಕೂ ಮುಂಚೆಯೇ ಅಡ್ಡಾಡಿ ನೋಡಿದ್ದರು. ಚಿನ್ನವನ್ನು ಹೇಗೆ ಒರೆಯುತ್ತಾರೆಂಬುದು ಎಲ್ಲರಿಗೂ ಗೊತ್ತಿದೆಯೆಂದು ನಾವು ತಿಳಿದಿದ್ದೇವೆ. ಆದರೆ ನಮ್ಮ ಮಾತಿನಲ್ಲಿ ಕೀರ್ತಿಯೆಲ್ಲ ಒರೆಗಲ್ಲಿಗೇ ಸಂದುಬಿಟ್ಟಿದೆ. ನಿಜವಾಗಿ ನೋಡಿದರೆ ಒರೆಗಲ್ಲು ಬರಿಯ ಹಲಗೆ; ಅದರ ಮೇಲೆ ಬಿದ್ದ ಗೆರೆ ಏನನ್ನೂ ಹೇಳದು. ಶುದ್ಧತೆ ಮೊದಲೇ ಗೊತ್ತಿರುವ ಚಿನ್ನದ ಇನ್ನೊಂದು ಗೆರೆ ಪಕ್ಕದಲ್ಲಿದ್ದಾಗ ಮಾತ್ರ ತೀರ್ಪು ಸಾಧ್ಯ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದ, 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರ ಈ ಸೂಕ್ಷ್ಮವನ್ನು ಬಲ್ಲದು. ಶುದ್ಧ ಹೊನ್ನಿಗೆ ತಾಮ್ರವನ್ನು ಅಳೆದು ಅಳೆದು ಬೆರೆಸಿ ಸಿದ್ಧಪಡಿಸಿದ ಹದಿನಾರು ವರ್ಣಕಗಳನ್ನು ಅದು ಹೇಳುತ್ತದೆ. ಮೊದಲು ಪರೀಕ್ಷಿಸಬೇಕಾದ ಹೊನ್ನಿನ ಗೆರೆ, ಬಳಿಕ ವರ್ಣಕದ ಗೆರೆ. ಉಗುರಿನ ಸಂದಿಯಲ್ಲಿ ಕಾವಿಮಣ್ಣು ಅಡಗಿಸಿಟ್ಟು ಒರೆಯ ಬಣ್ಣವನ್ನು ಕೆಡಿಸುವ ಮೋಸವನ್ನೂ ಆ ಗ್ರಂಥ ಮರೆಯುವುದಿಲ್ಲ.

ಇಂದಿನ ರಸಾಯನಶಾಸ್ತ್ರಜ್ಞರು ಪ್ರಮಾಣದ್ರವ್ಯವೆನ್ನುವುದು ಈ ವರ್ಣಕದ ವಂಶದ್ದೇ. ಕೆಸರಿನ ಪಾಲಿಗೆ ಅದನ್ನು ನಾನು ಒರೆಮಣ್ಣು ಎಂದು ಕರೆಯುತ್ತೇನೆ. ಶಬ್ದ ಹೊಸದಾದರೂ ಸ್ವಭಾವ ಹಳೆಯದು. ಅದರೊಳಗೆ ಏನೇನು ಎಷ್ಟೆಷ್ಟು ಇದೆಯೆಂದು ಮುಂಚಿತವಾಗಿ ತಿಳಿದ, ಸೀಸೆಯಲ್ಲಿಟ್ಟು ಹಂಚಬಹುದಾದ ಮಣ್ಣು. ತನ್ನ ಊರಿನ ಕೆಸರನ್ನು ಪರೀಕ್ಷಿಸುವವನು ಅದೇ ದಿನ, ಅದೇ ಯಂತ್ರದಲ್ಲಿ, ಅದೇ ಆಮ್ಲದಲ್ಲಿ ಕರಗಿಸಿ ಒರೆಮಣ್ಣನ್ನೂ ಪರೀಕ್ಷಿಸುತ್ತಾನೆ. ಒರೆಮಣ್ಣಿನ ಉತ್ತರ ಸರಿಬಂದರೆ ಅವನ ಕೈಯೂ ಯಂತ್ರವೂ ಸರಿ. ತಪ್ಪಿದರೆ ಆ ದಿನದ ಲೆಕ್ಕವನ್ನೆಲ್ಲ ಬದಿಗಿಡಬೇಕು.

ಇದು ಮೊದಲು ರೂಢಿಗೆ ಬಂದದ್ದು ಕಬ್ಬಿಣದ ಕುಲುಮೆಗಳಿಗಾಗಿ. ಎರಕದ ಕಬ್ಬಿಣದಲ್ಲಿ ರಂಜಕ, ಗಂಧಕ, ಇಂಗಾಲಗಳು ಎಷ್ಟಿವೆಯೆಂಬುದರ ಮೇಲೆ ಎರಕದ ಗಟ್ಟಿತನ ನಿಂತಿದೆ. ಮಾರುವವನ ಲೆಕ್ಕಕ್ಕೂ ಕೊಳ್ಳುವವನ ಲೆಕ್ಕಕ್ಕೂ ಹೊಂದದೆ ವ್ಯಾಜ್ಯವಾಗುತ್ತಿತ್ತು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 1906ರ ಸುಮಾರಿಗೆ ಎರಕದ ಕಬ್ಬಿಣದ ಪ್ರಮಾಣ ಮಾದರಿಗಳನ್ನು ಹಂಚತೊಡಗಿತು. ಅದಾದ ಹದಿನೇಳು ವರ್ಷಕ್ಕೆ, 1923ರ ಜನವರಿಯಲ್ಲಿ, ನಮ್ಮ ನೆರೆಯ ಭದ್ರಾವತಿಯಲ್ಲಿ ಕುಲುಮೆ ಉರಿಯಿತು. ಅದಕ್ಕೆ ಅದಿರು ಒದಗಿದ್ದು ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ, ಅಂದರೆ ನಾನು ಮೊದಲು ಹೇಳಿದ ಪುರಾತನ ಸಮುದ್ರತಳದಿಂದ. ಆ ಕಡಲ ಕೆಸರಿನಲ್ಲಿ ಕಬ್ಬಿಣವೆಷ್ಟು, ಸಿಲಿಕವೆಷ್ಟು ಎಂದು ಅರಿಯದೆ ಕುಲುಮೆಗೆ ಸುಣ್ಣದಕಲ್ಲನ್ನು ಹದವಾಗಿ ಹಾಕುವಂತಿರಲಿಲ್ಲ. ಆದ್ದರಿಂದ ಸಮುದ್ರತಳದ ಮಣ್ಣನ್ನು ಧಾತು ಧಾತುವಾಗಿ ಬಿಡಿಸಿ ನೋಡುವ ವಿದ್ಯೆ ನಮ್ಮ ಸೀಮೆಯ ಜನಜೀವನದೊಳಕ್ಕೆ ಶತಮಾನದ ಹಿಂದೆಯೇ ಬಂದಿತ್ತೆನ್ನಬೇಕು.

ಲೋಹದ ಮಾತು ಸುಲಭ. ಕರಗಿಸಿ ಕಲಸಿದರೆ ಒಂದೇ ಹದವಾಗುತ್ತದೆ. ಶಿಲೆ ಹಾಗಲ್ಲ. ಅಮೆರಿಕದ ಭೂವಿಜ್ಞಾನಿಗಳು ರೋಡ್ ಐಲೆಂಡಿನ ಒಂದು ಗ್ರಾನೈಟನ್ನೂ ವರ್ಜೀನಿಯದ ಒಂದು ಕರಿಗಲ್ಲನ್ನೂ ಪುಡಿಮಾಡಿ, ಜಿ-1, ಡಬ್ಲ್ಯು-1 ಎಂದು ಹೆಸರಿಟ್ಟು, ಹಲವು ಪ್ರಯೋಗಾಲಯಗಳಿಗೆ ಕಳುಹಿಸಿದರು. ಎಲ್ಲರ ಫಲಿತಾಂಶಗಳನ್ನೂ ಒಟ್ಟುಗೂಡಿಸಿ 1951ರಲ್ಲಿ ಅಚ್ಚುಹಾಕಿದಾಗ ವಿದ್ವತ್ಪ್ರಪಂಚ ಬೆಚ್ಚಿಬಿದ್ದಿತು. ಹೆಸರಾಂತ ವಿಶ್ಲೇಷಕರು ಒಂದೇ ಪುಡಿಯ ಬಗೆಗೆ ಬೇರೆ ಬೇರೆ ಅಂಕಿಗಳನ್ನು ಕೊಟ್ಟಿದ್ದರು. ಅಲ್ಲಿಯವರೆಗೆ ಒಬ್ಬೊಬ್ಬರೂ ತಮ್ಮ ಅಂಕಿಯೇ ಸರಿಯೆಂದು ನಂಬಿದ್ದರು. ಅಕ್ಕಪಕ್ಕ ಇಟ್ಟು ನೋಡುವ ಸಂದರ್ಭವೇ ಬಂದಿರಲಿಲ್ಲ.

ಇಲ್ಲಿಗೆ ಬಂದಾಗ ನನಗೆ ನಮ್ಮ ಗ್ರಂಥಸಂಪಾದನೆಯ ನೆನಪಾಗದಿರುವುದು ಸಾಧ್ಯವಿಲ್ಲ. ಒಂದು ಹಳಗನ್ನಡ ಕಾವ್ಯದ ಆರು ಓಲೆಪ್ರತಿಗಳು ಸಿಕ್ಕಿದರೆ ಆರರಲ್ಲೂ ಒಂದೊಂದು ಪಾಠಾಂತರ. ಸಂಪಾದಕ ಮಾಡುವುದೇನು? ನಾಲ್ಕು ಪ್ರತಿಗಳು ಹೇಳಿದ್ದೇ ಸರಿಯೆಂದು ಕೈಯೆತ್ತಿಸಿ ಮತ ಎಣಿಸುವುದಿಲ್ಲ. ಆ ನಾಲ್ಕೂ ಒಂದೇ ಮಾತೃಕೆಯಿಂದ ನಕಲಾಗಿದ್ದರೆ ಅವುಗಳ ಸಾಕ್ಷ್ಯ ನಾಲ್ಕಲ್ಲ, ಒಂದೇ. ಒರೆಮಣ್ಣಿನ ಸಂಪಾದನೆಯಲ್ಲಿಯೂ ಇದೇ ನ್ಯಾಯ. ಹತ್ತು ಪ್ರಯೋಗಾಲಯಗಳು ಒಂದೇ ವಿಧಾನ ಹಿಡಿದು ಒಂದೇ ಉತ್ತರ ಕೊಟ್ಟರೆ ಹತ್ತರಲ್ಲೂ ಒಂದೇ ತಪ್ಪು ನುಸುಳಿರಬಹುದು. ಆಮ್ಲದಲ್ಲಿ ಮಣ್ಣು ಪೂರ್ತಿ ಕರಗದೆ ತಳದಲ್ಲಿ ಉಳಿದಿದ್ದರೆ ಆ ವಿಧಾನದವರೆಲ್ಲರೂ ಕಡಿಮೆಯನ್ನೇ ಎಣಿಸುತ್ತಾರೆ. ಆದ್ದರಿಂದ ಪರಸ್ಪರ ಸಂಬಂಧವಿಲ್ಲದ ವಿಧಾನಗಳು ಬೇಕು: ಒಬ್ಬರು ಕರಗಿಸಿ ಜ್ವಾಲೆಯಲ್ಲಿ ನೋಡಲಿ, ಇನ್ನೊಬ್ಬರು ಕರಗಿಸದೆಯೆ ಎಕ್ಸ್‌ಕಿರಣದಲ್ಲಿ ನೋಡಲಿ, ಮತ್ತೊಬ್ಬರು ಪರಮಾಣು ಸ್ಥಾವರದ ನ್ಯೂಟ್ರಾನುಗಳಿಂದ ಕೆಣಕಿ ನೋಡಲಿ. ಬೇರೆ ಬೇರೆ ದಾರಿಗಳಿಂದ ಬಂದವರು ಒಂದೇ ಊರನ್ನು ತಲುಪಿದರೆ ಆ ಊರು ನಿಜ. ಒಪ್ಪಿದ ಅಂಕಿ ಪ್ರಮಾಣಪತ್ರವನ್ನು ಸೇರುತ್ತದೆ. ಒಪ್ಪದೆ ಉಳಿದದ್ದನ್ನು ‘ಕೇವಲ ಮಾಹಿತಿಗಾಗಿ’ ಎಂದು ಪ್ರತ್ಯೇಕವಾಗಿ ಇಡುತ್ತಾರೆ, ನಮ್ಮ ಸಂಪಾದಕರು ಸಂದೇಹದ ಪಾಠದ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕುವಂತೆ.

ಈಗ ಕಡಲಿಗೆ ಬರೋಣ. ಜಪಾನಿನ ಮಿನಮಾಟ ಕೊಲ್ಲಿಯ ತೀರದಲ್ಲಿ 1956ರಲ್ಲಿ ಒಂದು ವಿಚಿತ್ರ ನರರೋಗ ಬೆಳಕಿಗೆ ಬಂದಿತು. ಕಾರ್ಖಾನೆಯಿಂದ ಹರಿದ ಪಾದರಸ ಮೀನಿನ ಮೂಲಕ ಮೀನುಗಾರರ ಮೈಸೇರಿತ್ತು. ನೀರು ಹರಿದುಹೋಗುತ್ತದೆ, ಕೆಸರು ಮರೆಯುವುದಿಲ್ಲ. ಆ ಕೊಲ್ಲಿಯ ತಳದ ಕೆಸರನ್ನು ಎತ್ತಿ ತೆಗೆಯುವ ಕೆಲಸ 1977ರಿಂದ 1990ರವರೆಗೆ ನಡೆಯಿತು. ಯಾವ ಕೆಸರನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು? ಹತ್ತು ಲಕ್ಷ ಭಾಗಕ್ಕೆ 25 ಭಾಗ ಪಾದರಸವೆಂಬುದು ಅಲ್ಲಿ ಎಳೆದ ಗೆರೆ. ಒಂದು ಅಂಕಿಯ ಆಚೆ ಈಚೆ ಊರಿನ ಭವಿಷ್ಯ ನಿಂತಾಗ ಆ ಅಂಕಿಯನ್ನು ಹೇಳುವ ಕೈಯನ್ನು ಒರೆಗೆ ಹಚ್ಚದೆ ಬಿಡಲಾದೀತೆ?

ಕಡಲ ಕೆಸರಿನ ಪರೀಕ್ಷೆಯಲ್ಲಿ ಕಷ್ಟಗಳು ಹಲವು. ಅದರಲ್ಲಿ ಉಪ್ಪಿದೆ, ಜೀವಿಗಳ ಶೇಷವಿದೆ. ಹುಡುಕುವ ಲೋಹ ಅತ್ಯಲ್ಪ, ಹುಡುಕುವವನ ಕೊಠಡಿಯ ಧೂಳಿನಲ್ಲಿರುವುದೇ ಅದಕ್ಕಿಂತ ಹೆಚ್ಚಾಗಬಹುದು. ಸಮುದ್ರದ ನೀರಿನ ಸೀಸದ ಬಗೆಗೆ ಹಿಂದಿನವರು ಕೊಟ್ಟ ಅಂಕಿಗಳಲ್ಲಿ ಬಹುಪಾಲು ಪ್ರಯೋಗಾಲಯದ ಮಾಲಿನ್ಯವೇ ಸೇರಿತ್ತೆಂದು ಅಮೆರಿಕದ ಕ್ಲೇರ್ ಪ್ಯಾಟರ್ಸನ್ ತೋರಿಸಿಕೊಟ್ಟದ್ದು ಈ ಶಾಸ್ತ್ರದ ಚರಿತ್ರೆಯ ದೊಡ್ಡ ಪಾಠ. ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ 1961ರಲ್ಲಿ ಮೊನಾಕೊ ನಗರದಲ್ಲಿ ಕಡಲ ಪ್ರಯೋಗಾಲಯವನ್ನು ತೆರೆದು, ಮುಂದೆ ಕಡಲ ಕೆಸರಿನ ಮಾದರಿಗಳನ್ನು ದೇಶದೇಶಗಳಿಗೆ ಹಂಚಿತು. ಅಮೆರಿಕದ ಭೂವಿಜ್ಞಾನ ಸಂಸ್ಥೆ ಮೇನ್ ಕೊಲ್ಲಿಯ ಬೂದು ಕೆಸರನ್ನು ಮ್ಯಾಗ್-1 ಎಂಬ ಹೆಸರಿನಿಂದ ಸಿದ್ಧಪಡಿಸಿತು. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಲಿ 1981ರಲ್ಲಿ ಎರಡು ಕಡಲ ಕೆಸರುಗಳನ್ನು ಹೊರತಂದಿತು: ಮಿರಾಮಿಶಿ ನದಿಯ ಅಳಿವೆಯದು ಮೆಸ್-1, ಶಲೂರ್ ಕೊಲ್ಲಿಯದು ಬಿಸಿಎಸ್‌ಎಸ್-1. ಮುಂದೆ ಎಸ್ಕ್ವಿಮಾಲ್ಟ್ ಬಂದರಿನ ಮಲಿನ ಕೆಸರು ಪ್ಯಾಕ್ಸ್-1 ಎಂಬ ಹೆಸರಿನಿಂದ ಬಂದಿತು.

ಇದನ್ನು ತಯಾರಿಸುವ ಬಗೆ ಮೇಲುನೋಟಕ್ಕೆ ನಮ್ಮ ಮನೆಗಳ ಹಿಟ್ಟು ಜರಡಿ ಹಿಡಿಯುವ ಕೆಲಸದಂತೆಯೇ ಕಾಣುತ್ತದೆ. ತಳದಿಂದ ಎತ್ತಿದ ಕೆಸರನ್ನು ಬಿಸಿಲಿಗೋ ಬೆಂಕಿಗೋ ಒಡ್ಡುವಂತಿಲ್ಲ, ಪಾದರಸ ಆವಿಯಾಗಿ ಹೋದೀತು. ಹೆಪ್ಪುಗಟ್ಟಿಸಿ, ಹಿಮವನ್ನು ನೀರಾಗಗೊಡದೆ ನೇರವಾಗಿ ಆವಿಮಾಡಿ ಒಣಗಿಸುತ್ತಾರೆ. ಮಿಲಿಮೀಟರಿನ ಎಂಟನೆಯ ಒಂದು ಪಾಲಿಗಿಂತ ಸಣ್ಣ ಕಣಗಳು ಮಾತ್ರ ಇಳಿಯುವಂತೆ ಸೋಸುತ್ತಾರೆ. ಚೆನ್ನಾಗಿ ಬೆರೆಸುತ್ತಾರೆ, ಸೀಸೆಗಳಿಗೆ ತುಂಬುತ್ತಾರೆ, ಕೆಲವೊಮ್ಮೆ ಸೂಕ್ಷ್ಮಜೀವಿಗಳು ಬೆಳೆಯದಂತೆ ಗಾಮಾ ಕಿರಣ ಹಾಯಿಸುತ್ತಾರೆ. ಆಮೇಲೆ ಇರುವುದು ನಿಜವಾದ ಪರೀಕ್ಷೆ. ಮೊದಲ ಸೀಸೆಯ ಮಣ್ಣೂ ಕೊನೆಯ ಸೀಸೆಯ ಮಣ್ಣೂ ಒಂದೇ ಆಗಿರಬೇಕು. ಇಲ್ಲದಿದ್ದರೆ ಊರಿಗೊಂದು ಸೇರು ಕೊಟ್ಟಂತಾದೀತು. ಚಿನ್ನದ ಅದಿರಿನಲ್ಲಿ ಈ ಸಮತೆಯನ್ನು ಸಾಧಿಸುವುದು ಎಲ್ಲಕ್ಕಿಂತ ಕಷ್ಟ. ಹಿಡಿ ಪುಡಿಯಲ್ಲಿ ಕಾಣದ ಒಂದು ಕಣ ಇದ್ದರೆ ಐಶ್ವರ್ಯ, ಇಲ್ಲದಿದ್ದರೆ ದಾರಿದ್ರ್ಯ. ಅಜ್ಜಂಪುರದ ನೆಲವನ್ನು ತೋಡಿದ ಪೂರ್ವಿಕರಿಗೂ ಈ ಚಂಚಲತೆಯ ಅನುಭವ ಆಗಿದ್ದಿರಬೇಕು.

ಪ್ರಮಾಣಪತ್ರದಲ್ಲಿರುವ ಅಂಕಿಗೆ ಒಂದು ಬಾಲ ಇರುತ್ತದೆ. ನನಗೆ ಬಹಳ ಹಿಡಿಸಿದ್ದು ಆ ಬಾಲ. ಮೆಸ್-1ರಲ್ಲಿ ಪಾದರಸ ಹತ್ತು ಲಕ್ಷ ಭಾಗಕ್ಕೆ 0.171 ಎಂದು ಬರೆದು ಸುಮ್ಮನಾಗುವುದಿಲ್ಲ. ಅದರ ಮುಂದೆ ಹೆಚ್ಚು ಕಡಿಮೆ 0.014 ಎಂದು ಸೇರಿಸುತ್ತಾರೆ. ಪ್ಯಾಕ್ಸ್-1ರಲ್ಲಿ 4.57, ಹೆಚ್ಚು ಕಡಿಮೆ 0.16. ಬಂದರಿನ ಕೆಸರು ಅಳಿವೆಯ ಕೆಸರಿಗಿಂತ ಇಪ್ಪತ್ತಾರು ಪಟ್ಟಿಗೂ ಮೀರಿ ಮಲಿನವೆಂಬುದು ಈ ಎರಡು ಸಾಲಿನಿಂದ ಯಾವ ವಾಗ್ವಾದಕ್ಕೂ ಎಡೆಯಿಲ್ಲದೆ ಸಿದ್ಧವಾಗುತ್ತದೆ. ತನ್ನ ಸಂದೇಹ ಎಲ್ಲಿಯವರೆಗೆ ಎಂಬುದನ್ನೂ ಅಂಕಿಯಲ್ಲಿಯೇ ಹೇಳಿಕೊಳ್ಳುವ ಪ್ರಾಮಾಣಿಕತೆ ಅದು.

ಇದೆಲ್ಲ ಕೆನಡಾದ ಮಾತಾಯಿತು, ನಮಗೇನು ಎಂದು ಕೇಳುವವರಿಗೆ ಕುದುರೆಮುಖದ ಕಥೆಯನ್ನು ನೆನಪಿಸಬೇಕು. ನಮ್ಮದೇ ಜಿಲ್ಲೆಯ ಆ ಬೆಟ್ಟದಲ್ಲಿ 1976ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಂಪೆನಿ ಅದಿರನ್ನು ತೆಗೆದು, ಪುಡಿಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಹರಿಸಿತು. ಕೋಟ್ಯಂತರ ವರ್ಷ ಹಿಂದಿನ ಕಡಲ ಕೆಸರು ಮತ್ತೆ ಕೆಸರಾಗಿ ಕಡಲ ದಂಡೆಗೆ ಹೋದ ವಿಚಿತ್ರ ಪಯಣವದು. ಗಣಿಯ ನೆಲದಿಂದ ಮಳೆಗಾಲದಲ್ಲಿ ಭದ್ರೆಗೆ ಇಳಿದ ಹೂಳೆಷ್ಟು, ಲಕ್ಕವಳ್ಳಿಯ ಜಲಾಶಯಕ್ಕೆ ಅದರಿಂದಾದ ಹಾನಿಯೆಷ್ಟು ಎಂಬುದು ವರ್ಷಾನುಗಟ್ಟಲೆ ವಿವಾದವಾಯಿತು. ಒಂದು ಕಡೆಯವರ ಅಂಕಿ ಇನ್ನೊಂದು ಕಡೆಯವರಿಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ಸುಪ್ರೀಂ ಕೋರ್ಟು 2002ರಲ್ಲಿ ಕೊಟ್ಟ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಈ ವಿವಾದದಲ್ಲಿ ಯಾರ ಪಕ್ಷ ಸರಿಯೆಂದು ತೂಗುವುದು ನನ್ನ ಇಂದಿನ ಉದ್ದೇಶವಲ್ಲ. ನದಿಯ ಕೆಳಗಿನ ಗದ್ದೆಯವನೂ, ಗಣಿಯ ಕೂಲಿಯವನೂ, ನ್ಯಾಯಾಧೀಶರೂ ಒಪ್ಪುವಂಥ ಅಂಕಿ ಬೇಕಾದರೆ ಅಳೆಯುವವನ ಹೆಸರು ದೊಡ್ಡದಾಗಿದ್ದರೆ ಸಾಲದು, ಅವನ ಅಳತೆ ಒರೆಗೆ ನಿಲ್ಲಬೇಕು. ಬಯಲುಸೀಮೆಯ ಕೊಳವೆಬಾವಿಗಳ ನೀರಿಗೂ ಇದೇ ಮಾತು. ಕುಡಿಯುವ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1 ಮಿಲಿಗ್ರಾಮಿನೊಳಗಿರಬೇಕು, ಬೇರೆ ನೀರು ಸಿಗದಿದ್ದರೆ 1.5ರವರೆಗೆ ಸಹಿಸಬಹುದೆಂದು ಭಾರತೀಯ ಮಾನಕ ಹೇಳುತ್ತದೆ. ಅರ್ಧ ಮಿಲಿಗ್ರಾಮಿನ ತಪ್ಪಿನಿಂದ ಒಂದು ಊರಿನ ಮಕ್ಕಳ ಹಲ್ಲಿಗೂ ಮೂಳೆಗೂ ಕೇಡು ತಟ್ಟೀತು.

ಒರೆಮಣ್ಣಿಗೂ ಮಿತಿಯುಂಟು. ಕೆಸರನ್ನು ಎಲ್ಲಿಂದ, ಯಾವ ಕಾಲದಲ್ಲಿ ಎತ್ತಿದರೆಂಬುದಕ್ಕೆ ಅದು ಹೊಣೆಯಲ್ಲ. ತಿಳಿನೀರಿನ ಮಡುವಿನಿಂದ ಮಾದರಿ ತಂದವನ ಅಂಕಿ ಎಷ್ಟು ನಿಖರವಾದರೂ ಕಲಕು ನೀರಿನ ಕಥೆ ಹೇಳದು. ಎರಡನೆಯದಾಗಿ, ಒರೆ ಸಜಾತೀಯವಾಗಿರಬೇಕು. ಬೆಳ್ಳಿಯ ಗೆರೆಯ ಪಕ್ಕದಲ್ಲಿ ಚಿನ್ನವನ್ನು ಒರೆದು ಫಲವೇನು? ಕೆನಡಾದ ಕೆಸರು ಬಹುಮಟ್ಟಿಗೆ ಹಿಮನದಿಗಳು ಅರೆದ ಶಿಲೆಯ ಹಿಟ್ಟು. ನಮ್ಮ ಪಡುವಣ ಕಡಲಿಗೆ ನೇತ್ರಾವತಿ ಇಳಿಸುವುದು ಮಳೆಯಲ್ಲಿ ಕೊಳೆತು ಮಾಗಿದ, ಕಬ್ಬಿಣ ಅಲ್ಯೂಮಿನಿಯಮುಗಳು ತುಂಬಿದ ಜಂಬಿಟ್ಟಿಗೆಯ ಮಣ್ಣು. ಆಮ್ಲದಲ್ಲಿ ಎರಡರ ನಡತೆಯೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಆದ್ದರಿಂದ ನಾಡಿನ ಮಣ್ಣಿಗೆ ನಾಡಿನ ಒರೆಯೇ ಬೇಕು.

ಈ ದಿಸೆಯಲ್ಲಿ ನಮ್ಮ ದೇಶ ಕೈಕಟ್ಟಿ ಕುಳಿತಿಲ್ಲ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ತನ್ನ ಪ್ರಮಾಣದ್ರವ್ಯಗಳಿಗೆ ‘ಭಾರತೀಯ ನಿರ್ದೇಶಕ ದ್ರವ್ಯ’ ಎಂಬ ಗಂಭೀರವಾದ ಹೆಸರನ್ನಿಟ್ಟಿದೆ. 2019ರಲ್ಲಿ ಸಾವಿರಕ್ಕೆ 999.9 ಶುದ್ಧತೆಯ ಚಿನ್ನವೂ ಆ ಪಂಕ್ತಿಯನ್ನು ಸೇರಿತು. ಕೌಟಿಲ್ಯನ ವರ್ಣಕ ಹೀಗೆ ಮರುಹುಟ್ಟು ಪಡೆಯಿತೆನ್ನಬಹುದು. ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ‘ಗವೇಷಣಿ’ ಹಡಗು 1981ರ ಜನವರಿ 26ರಂದು ಹಿಂದೂ ಮಹಾಸಾಗರದ ತಳದಿಂದ ಲೋಹದ ಗಂಟುಗಳನ್ನು ಮೊದಲ ಬಾರಿಗೆ ಎತ್ತಿತು. ಅವುಗಳಲ್ಲಿ ನಿಕ್ಕಲ್ ಎಷ್ಟು, ತಾಮ್ರವೆಷ್ಟು ಎಂಬ ಲೆಕ್ಕ ದೇಶದೇಶಗಳ ಮುಂದೆ ಮಂಡಿಸತಕ್ಕದ್ದಾದ್ದರಿಂದ ಅಲ್ಲಿ ಒರೆಯ ಬೆಲೆ ಇನ್ನೂ ಹೆಚ್ಚು. ಇನ್ನು ಗ್ರೀನ್‌ಲೆಂಡಿನ ಇಸುವಾ ಎಂಬಲ್ಲಿಯ ಪಟ್ಟೆಗಬ್ಬಿಣದ ಶಿಲೆಯಿಂದ ಫ್ರಾನ್ಸಿನವರು ಐಎಫ್-ಜಿ ಎಂಬ ಪ್ರಮಾಣದ್ರವ್ಯವನ್ನು ಸಿದ್ಧಮಾಡಿದ್ದಾರೆ. ಅದು ಬಾಬಾಬುಡನ್ ಗಿರಿಯ ಶಿಲೆಯ ದಾಯಾದಿ. ಇಸುವಾದ ಕಲ್ಲು ಜಗತ್ತಿಗೆ ಒರೆಯಾಗಬಲ್ಲುದಾದರೆ ಕೆಮ್ಮಣ್ಣುಗುಂಡಿಯ ಕಲ್ಲಿಗೆ ಆ ಅರ್ಹತೆ ಇಲ್ಲವೆನ್ನಲು ಕಾರಣ ಕಾಣೆ. ದಶಕಗಳ ಕಾಲ ಕುಲುಮೆಗೆ ಹಾಕಿ ಕರಗಿಸಿದ ಬೆಟ್ಟದಿಂದ ನಾಲ್ಕು ಮೂಟೆ ಪುಡಿಯನ್ನು ಸತ್ಯಕ್ಕಾಗಿ ತೆಗೆದಿಡುವುದು ದೊಡ್ಡ ಬೇಡಿಕೆಯೇನಲ್ಲ.

ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ, ವೀರಬಲ್ಲಾಳನ ದಂಡನಾಯಕನೊಬ್ಬ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯವಿದೆ. ಅಲ್ಲಿಯ ಶಾಸನ ಕವಿ ಜನ್ನನ ರಚನೆ. ಕಾವ್ಯವನ್ನು ಓಲೆಗರಿಯಲ್ಲಿ ಬರೆದವರು ಅದು ನಕಲಿನಲ್ಲಿ ಮಾರ್ಪಡುವುದನ್ನು ತಡೆಯಲಾರರು. ಕಲ್ಲಿನಲ್ಲಿ ಕೊರೆದದ್ದು ಮಾತ್ರ ಕವಿಯ ಕಾಲದ ಅಕ್ಷರ, ಕವಿಯ ಕಾಲದ ರೂಪ. ಬಿ. ಎಲ್. ರೈಸ್ ಕಡೂರು ಜಿಲ್ಲೆಯ ಶಾಸನಗಳನ್ನು 1901ರಲ್ಲಿ ಸಂಪುಟವಾಗಿ ಹೊರತಂದ ಮೇಲೆ, ಓಲೆಯ ಪಾಠದಲ್ಲಿ ಸಂದೇಹ ಬಂದ ವಿದ್ವಾಂಸರು ಇಂಥ ಕಲ್ಲಿನ ಕಡೆ ತಿರುಗಿ ಅಂದಿನ ಭಾಷೆಯ ರೂಪವನ್ನು ನಿಶ್ಚಯಿಸಿಕೊಂಡರು. ನಮ್ಮ ಶಾಸ್ತ್ರಕ್ಕೆ ಅದೇ ಒರೆ. ರಸಾಯನಶಾಸ್ತ್ರಜ್ಞನ ಕಪಾಟಿನಲ್ಲಿರುವ ಆ ಬೂದುಬಣ್ಣದ ಪುಟ್ಟ ಸೀಸೆಯನ್ನೂ ನಾನು ಒಂದು ಶಾಸನವೆಂದೇ ಓದುತ್ತೇನೆ. ಪರಸ್ಪರ ಮುಖ ಕಾಣದ ಜನ ದೂರದೂರದ ದೇಶಗಳಲ್ಲಿ ಕುಳಿತು, ತಮ್ಮ ತಮ್ಮ ದಾರಿಯಲ್ಲಿ ಅಳೆದು, ಇಷ್ಟು ಮಾತ್ರ ನಿಶ್ಚಯ, ಇದರಾಚೆ ಸಂದೇಹ ಎಂದು ಒಪ್ಪಿ ಸಹಿಹಾಕಿದ ಶಾಸನ. ನಮ್ಮ ಕೆರೆಯ ಹೂಳಿಗೂ, ಬಾವಿಯ ನೀರಿಗೂ, ಕಡಲ ಕೆಸರಿಗೂ ಅಂಥ ಸಾಕ್ಷಿಯೊಂದು ಪಕ್ಕದಲ್ಲಿ ನಿಂತಿದೆಯೆ ಎಂದು ಕೇಳುವ ಹಕ್ಕು ಸಾಮಾನ್ಯ ನಾಗರಿಕನಿಗೂ ಇದೆ. ಪರೀಕ್ಷೆಯ ವರದಿ ಕೈಗೆ ಬಂದಾಗ ಅಂಕಿಯನ್ನು ನೋಡುವ ಮೊದಲು ಆ ಪ್ರಶ್ನೆಯನ್ನು ಕೇಳುವುದನ್ನು ನಾವು ರೂಢಿಮಾಡಿಕೊಳ್ಳಬೇಕು.